ಟ್ಯಾಂಕು ಖಾಲಿ ಇರಬೇಕು

ಬಾಡಿಗೆ ಮನೆ ಹಿಡಿದ ದಿನ ಯಜಮಾನಿ ಸೋಹನಬಾಯಿ ನನ್ನ ಕೈಗೆ ಎರಡು ಬೀಗದ ಕೈ ಕೊಟ್ಟರು. ಒಂದು ಬಾಗಿಲಿಗೆ, ಇನ್ನೊಂದು ನೀರಿಗೆ. ನನಗೆ ತಿಳಿಯಲಿಲ್ಲ. ಅವರು ಅಂಗಳದ ಮೂಲೆಗೆ ಕರೆದುಕೊಂಡು ಹೋಗಿ ನೆಲದಲ್ಲಿದ್ದ ಕಬ್ಬಿಣದ ಮುಚ್ಚಳ ತೋರಿಸಿದರು. ಅದಕ್ಕೊಂದು ದಪ್ಪ ಬೀಗ. ಅದರಡಿ ಟಾಂಕಾ. ಟಾಂಕಾ ಎಂದರೆ ಈ ಕಡೆ ನೆಲದೊಳಗೆ ಕಟ್ಟಿದ ನೀರಿನ ತೊಟ್ಟಿ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತದೆ, ಬಂದದ್ದನ್ನು ತುಂಬಿಸಿ ಬೀಗ ಜಡಿಯಬೇಕು. "ಚಿನ್ನ ಕಳೆದರೆ ಮಾಡಿಸಬಹುದು ಬಾಯ್ಸಾ" ಎಂದರು ಸೋಹನಬಾಯಿ. ಬಾಯ್ಸಾ ಎಂದರೆ ಇಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಅವರು ನಗಲಿಲ್ಲ, ಹಾಗಾಗಿ ನಾನೂ ನಗಲಿಲ್ಲ.

ನಮ್ಮೂರು ಹೊಸನಗರದಲ್ಲಿ ಜೂನ್ ಬಂತೆಂದರೆ ನಾವು ಗುದ್ದಲಿ ಹಿಡಿದು ನೀರನ್ನು ಮನೆಯಿಂದ ಆಚೆ ಓಡಿಸುವವರು. ಅಲ್ಲಿ ನೀರು ಕರೆಯದೆ ಬರುವ ನೆಂಟ. ಇಲ್ಲಿ ಜೋಧಪುರದಲ್ಲಿ ಅದಕ್ಕೆ ಬೀಗ. ಊರಿಗೆ ಬರೆಯುವವರು ಇಂಥದ್ದನ್ನೆಲ್ಲ ಬೆರಗಿನಿಂದ ಬರೆಯಬೇಕು ಎಂದು ನನಗೆ ಗೊತ್ತು. ಆದರೆ ಆ ಹೊತ್ತಿಗೆ ನನ್ನಲ್ಲಿ ಬೆರಗು ಉಳಿದಿರಲಿಲ್ಲ. ಎರಡು ಕೀಲಿಯನ್ನೂ ಒಂದೇ ದಾರಕ್ಕೆ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಅಷ್ಟೆ.

ನನ್ನ ಹೆಸರು ವನಜ, ಕೆಲಸ ನರ್ಸು. ಹೊಸನಗರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ಇದ್ದೆ. ನನ್ನ ಗಂಡ ಸುರೇಶ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ನಗರ, ಬ್ಯಾಕೋಡು ಎಂದು ಹಳ್ಳಿಹಳ್ಳಿ ತಿರುಗಿ ದನಗಳಿಗೆ ಇಂಜೆಕ್ಷನ್ ಕೊಡುವವರು. ಒಂದು ಮಂಗಳವಾರ ಬೆಳಿಗ್ಗೆ ಪೇಟೆಯಲ್ಲಿ ಎದೆ ಹಿಡಿದುಕೊಂಡು ಕುಸಿದ ಅವರನ್ನು ಆಟೋದಲ್ಲಿ ನಮ್ಮ ಆಸ್ಪತ್ರೆಗೇ ತಂದರು. ಡ್ಯೂಟಿಯಲ್ಲಿ ಇದ್ದವಳು ನಾನೇ. ಎದೆ ಒತ್ತಿದೆ, ಸೂಜಿ ಚುಚ್ಚಿದೆ, ಡಾಕ್ಟರು ಸಾಕು ಎಂದ ಮೇಲೆ ಸಮಯ ನೋಡಿ ಕೇಸ್ ಶೀಟಿನಲ್ಲಿ ಬರೆದೆ. ಅಕ್ಷರ ಚೆನ್ನಾಗಿಯೇ ಇತ್ತು. ಅವತ್ತಿನಿಂದ ನನಗೆ ಆದದ್ದನ್ನು ದುಃಖ ಎನ್ನಲಾರೆ. ಹಲ್ಲು ಕೀಳುವ ಮೊದಲು ಒಸಡಿಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಆಮೇಲೆ ತುಟಿಯೊಂದು ನಮ್ಮದಲ್ಲ ಎನ್ನಿಸುತ್ತದಲ್ಲ, ಹಾಗೆ ಇಡೀ ಮೈ.

ಊರು ಬಿಡು ಎಂದವರು ನಮ್ಮ ಅತ್ತೆ. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದ್ದೊಂದು ಊಟದ ಕ್ಯಾಂಟೀನಿದೆ, ಭಾವ, ಅಂದರೆ ಸುರೇಶರ ಅಣ್ಣ, ಜೊತೆಗಿದ್ದಾರೆ. ಎಪ್ಪತ್ತು ದಾಟಿದರೂ ಸಾರಿನ ಉಪ್ಪು ಹದ ನೋಡುವ ಕೆಲಸ ಅತ್ತೆಯದ್ದೇ. "ದಿನಾ ಅದೇ ಆಸ್ಪತ್ರೆ ಬಾಗ್ಲು ಹಾಯೋದು ಬ್ಯಾಡ ನಿಂಗೆ. ಎಲ್ಲಾದ್ರೂ ದೂರ ಹೋಗು ಮಾರಾಯ್ತಿ" ಎಂದರು. ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ ಕೇರಳದ ನರ್ಸೊಬ್ಬಳು ಜೋಧಪುರದ ಡಯಾಲಿಸಿಸ್ ಕೇಂದ್ರದಲ್ಲಿ ಇದ್ದಳು, ಒಬ್ಬರು ಬೇಕು ಎಂದಳು. ಬಂದೆ. ಆರಿಸಿಕೊಂಡು ಬಂದದ್ದಲ್ಲ. ಗುವಾಹಟಿಯಲ್ಲಿ ಕೆಲಸ ಇದೆ ಎಂದಿದ್ದರೆ ಗುವಾಹಟಿಗೆ ಹೋಗುತ್ತಿದ್ದೆ.

ಇಲ್ಲಿ ಮೊದಲ ತಿಂಗಳು ನನ್ನ ಸ್ಕೂಲ್ ಹಿಂದಿ ರೋಗಿಗಳಿಗೆ ತಿಳಿಯಲಿಲ್ಲ, ಅವರ ಮಾರವಾಡಿ ನನಗೆ ತಿಳಿಯಲಿಲ್ಲ. ಏನು ಹೇಳಿದರೂ "ಹುಕುಂ" ಎನ್ನುವರು. ಹೌದು ಎನ್ನುವುದಕ್ಕೂ ಅದೇ, ಹೇಳಿ ಎನ್ನುವುದಕ್ಕೂ ಅದೇ. ಕೈಗೆ ಸೂಜಿ ಚುಚ್ಚುವಾಗಲೂ ಮುದುಕರು ಹುಕುಂ ಎಂದರೆ ಎಂಥವರಿಗೂ ಸಂಕೋಚವಾಗುತ್ತದೆ. ನಮ್ಮ ಕಡೆ ರೋಗಿಗಳು "ಅಮ್ಮಾ, ಮೆಲ್ಲಗೆ ಚುಚ್ಚು, ನಿನ್ನ ಕೈ ಭಾರ" ಎಂದು ಮುಖಕ್ಕೇ ಹೇಳುವವರು. ಎರಡರಲ್ಲಿ ಯಾವುದು ಹಿತ ಎಂದು ಇನ್ನೂ ತೀರ್ಮಾನಿಸಿಲ್ಲ.

ಊಟಕ್ಕೆ ಸೋಗ್ರಾ. ಸಜ್ಜೆ ಹಿಟ್ಟಿನ ದಪ್ಪ ರೊಟ್ಟಿ, ಮಧ್ಯೆ ಬೆರಳಿನಿಂದ ಗುಳಿ ಮಾಡಿ ತುಪ್ಪ ಸುರಿಯುತ್ತಾರೆ. ಅನ್ನ ಎಂದರೆ ನಮ್ಮ ಓಣಿಯವರಿಗೆ ಹೊಟ್ಟೆ ಕೆಟ್ಟವರ ಆಹಾರ. ನಾನು ಮೂರು ಹೊತ್ತೂ ಅನ್ನ ಬೇಯಿಸುವುದನ್ನು ನೋಡಿ ಸೋಹನಬಾಯಿಗೆ ನನ್ನ ಆರೋಗ್ಯದ ಬಗ್ಗೆ ಅನುಮಾನ ಬಂತು. ಒಂದು ಮಧ್ಯಾಹ್ನ ಸ್ಟೀಲಿನ ಡಬ್ಬಿಯಲ್ಲಿ ಕಢಿ ತಂದುಕೊಟ್ಟರು, ನಮ್ಮ ಮಜ್ಜಿಗೆ ಹುಳಿಯ ದೂರದ ನೆಂಟ. ಉಂಡೆ. ಡಬ್ಬಿ ತೊಳೆದು ಒರೆಸಿ ಸಂಜೆ ಅವರ ಬಾಗಿಲಲ್ಲಿಟ್ಟು ಬಂದೆ.

ಮೆಟ್ಟಿಲು ಹತ್ತುವಾಗ ನೆನಪಾಯಿತು: ಖಾಲಿ ಡಬ್ಬಿ ಕೊಟ್ಟುಬಿಟ್ಟೆ. ನಮ್ಮ ಅತ್ತೆ ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಿದ್ದನ್ನು ಹತ್ತೊಂಬತ್ತು ವರ್ಷದಲ್ಲಿ ನಾನು ನೋಡಿಲ್ಲ. ಕೊಡಲು ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆ, ಇಲ್ಲವೆಂದರೆ ಒಂದು ಅಡಿಕೆ. ನನಗೂ ಅದೇ ಅಭ್ಯಾಸವಾಗಿತ್ತು. ಈಗ ಕೈ ಮರೆತಿತ್ತು. ಕೆಳಗಿಳಿದು ಸರಿಪಡಿಸಬಹುದಿತ್ತು, ಇಳಿಯಲಿಲ್ಲ. ಸೋಹನಬಾಯಿ ಆಮೇಲೂ ಕಢಿ ಕೊಟ್ಟರು, ನಾನು ಖಾಲಿ ಡಬ್ಬಿ ಕೊಡುತ್ತಲೇ ಹೋದೆ.

ಹೀಗಿರುವಾಗ ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಭಾವ ಫೋನಿನಲ್ಲಿ ಸುರೇಶರ ಬೈಕಿನ ಮಾತು ತೆಗೆದರು.

ಬೈಕು ಎಂದರೆ ಮೈಸೂರಿನಲ್ಲಿ ತಯಾರಾಗುತ್ತಿದ್ದ, ಎರಡು ಸೈಲೆನ್ಸರಿನ, ಈಗ ನಿಂತುಹೋದ ಮಾದರಿ. ನೀಲಿ ಹೊಗೆ ಬಿಟ್ಟುಕೊಂಡು ಹೋಗುತ್ತಿದ್ದರೆ ಎರಡು ತಿರುವು ಆಚೆಯಿಂದ ದನಗಳು ಕಿವಿ ನಿಮಿರಿಸುತ್ತಿದ್ದವು, ಇಂಜೆಕ್ಷನ್ ಬಂತು ಎಂದು. ಸುರೇಶರಿಗೆ ಅದನ್ನು ನಿವೃತ್ತರಾದ ದನದ ಡಾಕ್ಟರೊಬ್ಬರು ಕೊಟ್ಟು ಹೋಗಿದ್ದರು. ಮಳೆಗಾಲ ಹಿಡಿಯುವ ಮೊದಲು ಅದಕ್ಕೆ ಎಣ್ಣೆಸ್ನಾನ, ಸೈಲೆನ್ಸರಿಗೆಲ್ಲ ಹಳೆಯ ಆಯಿಲ್ ಸವರಿ ಬಟ್ಟೆ ಸುತ್ತುತ್ತಿದ್ದರು. ಈಗ ಎರಡು ಮಳೆಗಾಲ ಯಾರೂ ಸವರಿರಲಿಲ್ಲ. ಅದು ಕ್ಯಾಂಟೀನಿನ ಹಿಂದಿನ ಅಂಗಳದಲ್ಲಿ ತಾಡಪಾಲಿನ ಕೆಳಗೆ ನಿಂತಿತ್ತು.

"ಉಡುಪಿ ಕಡೆಯವ್ನೊಬ್ಬ ಬಂದಿದ್ದ. ಹಳೇ ಗಾಡಿ ಕೂಡಿಡೋ ಹುಚ್ಚಂತೆ. ತುಕ್ಕು ಹಿಡಿಯೋ ಬದ್ಲು ಕೊಟ್ಬಿಡಣನಾ ವನಜ?" ಎಂದರು ಭಾವ.

"ಕೊಡ್ಬೇಡಿ ಭಾವ. ನಾನು ಇಲ್ಲಿಗೆ ತರಿಸ್ಕೊಳ್ತೀನಿ."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಬಹಳ ದಿನಗಳ ನಂತರ ನಾನು ಬೇಕು ಎಂದ ಮೊದಲ ವಸ್ತು ಅದು. "ನಿಂಗೆ ಓಡ್ಸಕ್ಕೆ ಬರಲ್ಲ. ಅಲ್ಲಿಗೆ ಎಂತಕೆ?" ಎಂದು ಭಾವ ಕೇಳಿದರು. ಫೋನು ಸ್ಪೀಕರಿನಲ್ಲಿ ಇತ್ತೆಂದು ಆಗ ಗೊತ್ತಾಯಿತು. ಅತ್ತೆ ಸೌಟು ಇಟ್ಟ ಸದ್ದು ಕೇಳಿತು. ಆಮೇಲೆ ಅವರ ಮಾತು: "ಮಗ ಹೋದ. ಸೊಸೆನ ನಾನೇ ಕಳ್ಸಿದೆ. ಈಗ ಅದನ್ನೂ ತಗಂಡು ಹೋದ್ರೆ ಇನ್ನು ಇತ್ಲಾಗೆ ಬರೋ ಕೆಲ್ಸ ಎಂತಿರ್ತದೆ ಅವ್ಳಿಗೆ?"

ಅದು ಭಾವನಿಗೆ ಹೇಳಿದ್ದು, ನನಗಲ್ಲ. ಅಂದಿನಿಂದ ಅತ್ತೆ ನನ್ನ ಫೋನಿಗೆ ಬರುವುದನ್ನು ಬಿಟ್ಟರು. ಪ್ರತಿ ಭಾನುವಾರ ಭಾವ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು, "ಇಲ್ಲೇ ಕೂತಿದಾರೆ. ಕೈ ಅಡ್ಡ ಮಾಡ್ತಿದಾರೆ." ಅತ್ತೆ ಮಾತಾಡದಿದ್ದರೆ ನನಗೆ ಊರೆಂಬುದೇ ಇಲ್ಲ ಎನ್ನುವುದು ಗೊತ್ತಿತ್ತು. ಆದರೂ ಬೈಕು ಬೇಡ ಎಂದು ಬಾಯಿಗೆ ಬರಲಿಲ್ಲ. ಬದಲಿಗೆ ಅದನ್ನು ಸಾಗಿಸುವವರನ್ನು ಹುಡುಕಲು ಕೂತೆ. ನರ್ಸುಗಳಿಗೆ ಗೆರೆ ಎಳೆದು ಬರೆದಿಡುವ ಚಟ. ಒಂದು ನೋಟುಪುಸ್ತಕ ತಂದೆ.

ಮೊದಲು ಇಂಟರ್‌ನೆಟ್ಟಿನಲ್ಲಿ ಹೆಸರು, ನಂಬರು ತುಂಬಿಸಿದೆ. ಹತ್ತು ನಿಮಿಷದಲ್ಲಿ ಏಳು ಕಡೆಯಿಂದ ಫೋನು. ಎಲ್ಲರದ್ದೂ ಸಕ್ಕರೆ ದನಿ. ಗೀರು ಬೀಳುತ್ತದಾ? ಇಲ್ಲ ಮೇಡಂ. ತಡವಾಗುತ್ತದಾ? ಇಲ್ಲ ಮೇಡಂ. ಮುರಿದರೆ ಯಾರು ಹೊಣೆ? ಮುರಿಯುವುದೇ ಇಲ್ಲ ಮೇಡಂ. ಒಬ್ಬಳನ್ನು "ನಿಮ್ಮ ಆಫೀಸು ಎಲ್ಲಿ?" ಎಂದೆ. "ಇಂಡಿಯಾ ಪೂರ್ತಿ" ಎಂದಳು. ಆಸ್ಪತ್ರೆಯಲ್ಲಿ ಏನೂ ನೋವಿಲ್ಲ, ಏನೂ ಕಷ್ಟವಿಲ್ಲ ಎನ್ನುವ ರೋಗಿಯ ಹಾಸಿಗೆ ಹತ್ತಿರ ನಾವು ಎರಡು ಸಲ ಹೆಚ್ಚು ಹೋಗುತ್ತೇವೆ. ಏಳೂ ಹೆಸರಿಗೆ ಗೆರೆ ಎಳೆದೆ.

ಶಿವಮೊಗ್ಗದ ರೈಲ್ವೆ ಪಾರ್ಸಲ್ ಕೌಂಟರಿಗೆ ಭಾವ ಹೋಗಿ ವಿಚಾರಿಸಿದರು. ಅಲ್ಲಿದ್ದವರು ಮುಚ್ಚುಮರೆ ಇಲ್ಲದವರು. ನೇರ ಗಾಡಿ ಇಲ್ಲ, ನಡುವೆ ಬದಲಾಗಬೇಕು, ಗೋಣಿ ಕಟ್ಟಿಸಿಕೊಂಡು ಬರಬೇಕು, ಕೈ ಬದಲಾದಷ್ಟೂ ವಸ್ತುವಿಗೆ ಆಯಾಸ ಎಂದರಂತೆ. ಮನುಷ್ಯರ ಬಗ್ಗೆ ಹೇಳಿದ ಹಾಗಿತ್ತು. ಇದನ್ನು ಗೆರೆ ಎಳೆಯದೆ ಪಕ್ಕಕ್ಕಿಟ್ಟೆ.

ಸಾಗರದ ಕಡೆಯವರಿಗೆ ಉತ್ತರಕ್ಕೆ ಏನು ಕಳಿಸಬೇಕಿದ್ದರೂ ಮೊದಲು ನೆನಪಾಗುವುದು ಅಡಿಕೆ ಲಾರಿ. ಮಂಡಿಯಿಂದ ಮೂಟೆ ತುಂಬಿಕೊಂಡು ದೆಹಲಿ, ಕಾನ್ಪುರ ಎಂದು ಹೊರಡುತ್ತವೆ. ಅಲ್ಲಿನ ಒಬ್ಬ ಲಾರಿ ಏಜೆಂಟರು ಫೋನಿನಲ್ಲಿ, "ಅಡಿಕೆ ಮೂಟೆ ಮಧ್ಯ ನಿಲ್ಸಿ ಕಳಿಸ್ತೀನಿ ಅಕ್ಕಾ, ಹೊಟ್ಟೇಲಿ ಮಗು ಇದ್ದಂಗೆ ಇರ್ತದೆ" ಎಂದರು. ಮಾತು ಇಷ್ಟವಾಯಿತು. ದೆಹಲಿಯಿಂದ ಜೋಧಪುರಕ್ಕೆ ಹೇಗೆ ಎಂದೆ. "ಅದು ದೇವ್ರ ಮೇಲೆ ಭಾರ." ದೇವರ ಮೇಲೆ ಹಾಕಿದ್ದ ಒಂದು ಭಾರ ನನಗೆ ಆಗಲೇ ಹಿಂದಿರುಗಿ ಬಂದಾಗಿತ್ತು. ಬೇಡ ಎಂದೆ.

ಕೊನೆಯದು ತೀರ್ಥಹಳ್ಳಿಯ ಒಂದು ಸಾಗಣೆ ಕಂಪನಿ. ಕಂಪನಿ ಎಂದರೆ ಶ್ರೀಧರಮೂರ್ತಿ ಎನ್ನುವ ಒಬ್ಬರು, ಒಂದು ಮಿನಿ ಲಾರಿ, ಹುಬ್ಬಳ್ಳಿಯಿಂದ ಹೊರಡುವ ಮುಚ್ಚಿದ ಲಾರಿಗಳ ಜೊತೆ ಒಂದು ಒಪ್ಪಂದ. ತಂದೆ ಮೇಷ್ಟ್ರಾಗಿದ್ದರಂತೆ, ಮಗನಿಗೂ ಪಾಠ ಒಪ್ಪಿಸಿಕೊಳ್ಳುವ ಗತ್ತು. ಹಳೆಯ ಕಾರು, ಬೈಕುಗಳನ್ನೇ ಹೆಚ್ಚು ಸಾಗಿಸುವವರು. ನಾನು ಪ್ರಶ್ನೆ ಶುರು ಮಾಡುವ ಮೊದಲು ಅವರೇ ಕೇಳಿದರು:

"ಗಾಡಿ ಸ್ಟ್ಯಾಂಡ್ ಹಾಕಿ ನಿಲ್ಸಿದಾಗ ಯಾವ ಕಡೆ ವಾಲ್ತದೆ ಮೇಡಂ?"

ಏಳು ಸಕ್ಕರೆ ದನಿಗಳಲ್ಲಿ ಒಂದೂ ಇದನ್ನು ಕೇಳಿರಲಿಲ್ಲ. ನಾನು ಯೋಚಿಸಲೇ ಇಲ್ಲ. "ಬಲಕ್ಕೆ. ಸೆಂಟರ್ ಸ್ಟ್ಯಾಂಡಿನ ಒಂದು ಕಾಲು ಸವೆದಿದೆ. ಅವರು ಅದರ ಕೆಳಗೆ ಹಂಚಿನ ಚೂರು ಇಡ್ತಿದ್ರು."

"ಹಾಗಾದ್ರೆ ನಾವೂ ಇಡ್ಬೇಕು. ನೋಡಿ, ಗೀರು ಬೀಳಲ್ಲ ಅಂತ ನಾನು ಹೇಳಲ್ಲ. ಎರಡು ಸಲ ಇಳಿಸಿ ಏರಿಸ್ತೇವೆ, ಎರಡೂ ಸಲ ಫೋಟೋ ಕಳಿಸ್ತೇನೆ. ಹದಿನೈದು ದಿನ ಆಗ್ತದೆ, ಇಪ್ಪತ್ತೂ ಆಗಬಹುದು. ಇನ್ಶೂರೆನ್ಸ್ ನಾವಿಬ್ರೂ ಕೂತು ಒಪ್ಪಿದ ಬೆಲೆಗೆ. ಇರೋ ಗೀರುಗಳ ಪಟ್ಟಿ ಮಾಡ್ಬೇಕು, ಅದಕ್ಕೆ ನೀವೇ ಎದುರಿಗೆ ಇರ್ಬೇಕು. ಮತ್ತೆ ಟ್ಯಾಂಕು ಪೂರ್ತಿ ಖಾಲಿ ಇರ್ಬೇಕು. ಒಂದು ತೊಟ್ಟಿದ್ರೂ ಲಾರಿ ಹತ್ತಿಸಲ್ಲ."

ನೋಟುಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸರಿ ಗುರುತು ಹಾಕಿದೆ.

ಫೆಬ್ರವರಿಯಲ್ಲಿ ರಜೆ ಹಾಕಿ ಊರಿಗೆ ಹೋದೆ. ನನ್ನ ಹೆಸರಿಗೆ ಆರ್‌ಸಿ ಮಾಡಿಸುವ ಓಡಾಟವನ್ನು ಭಾವ ಮುಗಿಸಿದ್ದರು. ಕ್ಯಾಂಟೀನಿನಲ್ಲಿ ಅತ್ತೆ ತಟ್ಟೆ ಹಾಕಿದರು, ಅನ್ನ ಬಡಿಸಿದರು, ಮೀನಿನ ಸಾರು ಬಡಿಸಿದರು, ನಾನು ಸಾಕೆನ್ನುವ ಮೊದಲೇ ಇನ್ನೊಂದು ಸೌಟು ಹಾಕಿದರು. ಮಾತು ಮಾತ್ರ ಇಲ್ಲ. ಬೇಕಾದದ್ದನ್ನು ಗೋಡೆಗೆ ಹೇಳುವರು. "ಮೊಸ್ರು ಅಲ್ಲಿದೆ, ಬೇಕಾದೋರು ಹಾಕ್ಕಳ್ಲಿ." ನಾಲ್ಕು ದಿನ ಹೀಗೇ ನಡೆಯಿತು. ನನಗೆ ನೋವಾಗಬೇಕಿತ್ತು. ಆಗುತ್ತಿದೆಯೋ ಎಂದು ನೋಡಿಕೊಂಡೆ, ಗಾಯ ಒತ್ತಿ ನೋಡುವ ಹಾಗೆ. ಏನೂ ತಿಳಿಯಲಿಲ್ಲ.

ಐದನೆಯ ದಿನ ಬೆಳಿಗ್ಗೆ ಶ್ರೀಧರಮೂರ್ತಿ ತೀರ್ಥಹಳ್ಳಿಯಿಂದ ಮಿನಿ ಲಾರಿಯಲ್ಲಿ ಬಂದರು. ತಾಡಪಾಲು ಎಳೆದರು. ಸೈಲೆನ್ಸರು ಕಂದುಬಣ್ಣಕ್ಕೆ ತಿರುಗಿತ್ತು, ಸೀಟಿನ ಕೆಳಗೆ ಇಲಿ ಗೂಡು ಕಟ್ಟಿ ಖಾಲಿ ಮಾಡಿ ಹೋಗಿತ್ತು. ಅವರು ರಟ್ಟಿಗೆ ಫಾರಂ ಸಿಕ್ಕಿಸಿಕೊಂಡು ಬೈಕಿನ ಸುತ್ತ ನಿಧಾನ ನಡೆದರು. ಡಾಕ್ಟರು ರೌಂಡ್ಸಿಗೆ ಬಂದ ಹಾಗೆ ನಾನು ಹಿಂದೆ ಹಿಂದೆ.

"ಎಡಗಡೆ ಲೆಗ್‌ಗಾರ್ಡ್ ಬಗ್ಗಿದೆ."

"ಹಿನ್ನೀರು ದಾಟೋ ಲಾಂಚಿಗೆ ಹತ್ತಿಸುವಾಗ. ಬ್ಯಾಕೋಡಿನಲ್ಲಿ ಒಂದು ಎಮ್ಮೆಗೆ ಕಷ್ಟ ಹೆರಿಗೆ ಇತ್ತು, ಅವಸರ."

"ಹೆಡ್‌ಲೈಟ್ ಗಾಜು ಸೀಳು."

"ಹಲಸಿನಕಾಯಿ ಬಿದ್ದಿದ್ದು. ಮರದ ಕೆಳಗೆ ನಿಲ್ಲಿಸ್ಬೇಡಿ ಅಂತ ನಾನು ಹೇಳಿದ್ದೆ."

"ಸೀಟು ಹೊಲಿದಿದೆ."

"ಅತ್ತೆ ಹೊಲಿದಿದ್ದು, ಅಕ್ಕಿ ಚೀಲದ ದಾರದಲ್ಲಿ."

"ಹಿಂದಿನ ಮಡ್‌ಗಾರ್ಡ್ ತಗ್ಗು."

"ನಗರದ ಕೋಟೆ ಹತ್ತಿರದ ಇಳಿಜಾರು. ನಾನೂ ಹಿಂದೆ ಇದ್ದೆ. ಮದುವೆಯಾದ ವರ್ಷ."

ಅವರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಫಾರಮಿಗೆ ತಗ್ಗು ಎಷ್ಟು ಉದ್ದ ಎನ್ನುವುದಷ್ಟೇ ಬೇಕಿತ್ತು. ಆದರೂ ಅವರು ಒಮ್ಮೆಯೂ ಸಾಕು ಎನ್ನಲಿಲ್ಲ. ಕೊನೆಗೆ ಟ್ಯಾಂಕಿನ ಕೆಳಗೆ, ಬಗ್ಗಿದರೆ ಮಾತ್ರ ಕಾಣುವ ಜಾಗದಲ್ಲಿ, ಗೇಣುದ್ದದ ಗೀರು ತೋರಿಸಿದರು. ನೋಡಿದೆ. ಅದು ನನಗೆ ಗೊತ್ತಿರಲಿಲ್ಲ. ಎಲ್ಲಿ ಆಯಿತು, ಯಾವಾಗ, ಏಕೆ ಹೇಳಲಿಲ್ಲ, ಏನೂ ಗೊತ್ತಿಲ್ಲ. ಇನ್ನು ಕೇಳಲು ಯಾರೂ ಇಲ್ಲ.

"ಗೊತ್ತಿಲ್ಲ ಅಂತ ಬರೀರಿ" ಎಂದೆ. ಹಾಗೇ ಬರೆದರು.

ಆಮೇಲೆ ಪೆಟ್ರೋಲ್ ಪೈಪು ಬಿಚ್ಚಿ ಕ್ಯಾನಿಗೆ ಇಳಿಸಿದರು. ಸುಮಾರು ಎರಡು ವರ್ಷದ ಹಳೆಯ ಪೆಟ್ರೋಲು, ಬಣ್ಣಗೆಟ್ಟದ್ದು. ಸುರೇಶರು ಕೊನೆಯ ಸಲ ತುಂಬಿಸಿದ್ದು. ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

"ಪೂರಾ ಖಾಲಿ ಮಾಡ್ಬೇಕಾ?" ಎಂದು ಶ್ರೀಧರಮೂರ್ತಿಯನ್ನು ಕೇಳಿದರು.

"ಹೌದಮ್ಮ. ನಿಯಮ ಅದು."

"ಎಂಥಾ ನಿಯಮನೋ" ಎಂದು ಒಳಗೆ ಹೋದರು.

ಆವಿ ಹೋಗಲಿ ಎಂದು ಟ್ಯಾಂಕಿನ ಮುಚ್ಚಳ ತೆಗೆದಿಟ್ಟರು. ಆರ್‌ಸಿಯ ಜೆರಾಕ್ಸ್ ಒಂದು ಕಡಿಮೆ ಇತ್ತು, ನಾನು, ಭಾವ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದೆವು. ಅಷ್ಟರಲ್ಲಿ ಶ್ರೀಧರಮೂರ್ತಿ ಒಳಗೆ ಕೂತು ದೋಸೆ ತಿನ್ನುತ್ತಿದ್ದರು. ಟ್ಯಾಂಕಿನ ಮುಚ್ಚಳ ಹಾಕಿತ್ತು. ಯಾರು ಹಾಕಿದರೆಂದು ನಾನು ಕೇಳಲಿಲ್ಲ. ಫಾರಮಿನ ಕೊನೆಯ ಸಾಲು, "ಟ್ಯಾಂಕು ಖಾಲಿ: ಹೌದು." ಅದರ ಕೆಳಗೆ ನಾನು ಸಹಿ ಮಾಡಿದೆ. ಬೈಕಿಗೆ ಕಂಬಳಿ ಸುತ್ತಿ, ಸವೆದ ಕಾಲಿನ ಅಡಿಗೆ ಹಂಚಿನ ಚೂರು ಇಟ್ಟು, ನಾಲ್ಕು ಕಡೆ ಬೆಲ್ಟ್ ಬಿಗಿದು ಅವರು ಹೊರಟರು. ಅತ್ತೆ ನೋಡಲು ಹೊರಗೆ ಬರಲಿಲ್ಲ. ಮರುದಿನ ನಾನು ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಿದೆ, ತಲೆಯ ಮೇಲೆ ಕೈ ಇಟ್ಟರು. ಆಗಲೂ ಮಾತಿಲ್ಲ.

ಹದಿನೆಂಟನೆಯ ದಿನ ಬೈಕು ಜೋಧಪುರದ ಓಣಿಯಲ್ಲಿ ಇಳಿಯಿತು. ಪಟ್ಟಿ ಹಿಡಿದುಕೊಂಡು ಸುತ್ತ ನಡೆದು ನೋಡಿದೆ. ಇದ್ದ ಗೀರುಗಳೆಲ್ಲ ಇದ್ದವು, ಹೊಸದೊಂದೂ ಇಲ್ಲ. ಶ್ರೀಧರಮೂರ್ತಿಗೆ ಫೋನು ಮಾಡಿ ಹೇಳಿದೆ. "ಸಂತೋಷ ಮೇಡಂ" ಎಂದರು, ನೂರಕ್ಕೆ ನೂರು ಕೊಟ್ಟ ಮೇಷ್ಟ್ರ ಹಾಗೆ. ಸೋಹನಬಾಯಿ ಹೊರಗೆ ಬಂದು ಬೈಕಿನ ಹ್ಯಾಂಡಲಿಗೆ ಕುಂಕುಮ ಹಚ್ಚಿದರು. ಯಾರದ್ದು ಎಂದು ಕೇಳಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಅಷ್ಟರಲ್ಲಿ ಹತ್ತು ಜನ ಕೇಳುತ್ತಿದ್ದರು. ಕೇಳದೆ ಇರುವುದೂ ಒಂದು ಉಪಕಾರ ಎಂದು ಈ ಊರಿನಲ್ಲಿ ಕಲಿತೆ.

ಮರುದಿನ ಬೈಕನ್ನು ತಳ್ಳಿಕೊಂಡು ಮುಖ್ಯರಸ್ತೆಯ ಗ್ಯಾರೇಜಿಗೆ ಹೋದೆ. ಅಲ್ಲಿನ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಕೆಲಸ ಬಲ್ಲ ಗುರು ಎಂದು ಅರ್ಥ. ಬಿಳಿ ಗಡ್ಡ, ಕೈತುಂಬ ಗ್ರೀಸು. ಈ ಜಾತಿಯ ಗಾಡಿ ನೋಡಿ ಬಹಳ ವರ್ಷವಾಯಿತು ಎಂದು ಕನ್ನಡಕ ಹಾಕಿಕೊಂಡರು. ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಸುರಿದರು. ಆಮೇಲೆ ಕಿಕ್ಕರ್ ಹುಡುಕಿದರು. ಎರಡೂ ಪಕ್ಕ ಬಗ್ಗಿ ನೋಡಿದರು. ಈ ಬೈಕಿಗೆ ಕಿಕ್ಕರ್ ಬೇರೆ ಇಲ್ಲ, ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಉಸ್ತಾದರಿಗೆ ಮರೆತಿತ್ತು.

"ನಾನು ತೋರಿಸ್ತೀನಿ" ಎಂದೆ.

ಓಡಿಸಲು ಬರುವುದಿಲ್ಲ ನಿಜ. ಆದರೆ ದಿನಾ ಬೆಳಿಗ್ಗೆ ಅವರು ಔಷಧಿ ಪೆಟ್ಟಿಗೆ ಕಟ್ಟುವಷ್ಟರಲ್ಲಿ ಬೈಕು ಬಿಸಿ ಮಾಡಿ ಇಡುತ್ತಿದ್ದವಳು ನಾನೇ. ಕಾರ್ಬುರೇಟರಿನ ಗುಂಡಿಯನ್ನು ಪೆಟ್ರೋಲು ಒಸರುವ ತನಕ ಒತ್ತಿದೆ, ಲಿವರ್ ತಿರುಗಿಸಿದೆ, ಸೆರಗು ಸಿಕ್ಕಿಸಿ ಒದ್ದೆ. ಮೂರನೆಯ ಒದೆತಕ್ಕೆ ಹತ್ತಿಕೊಂಡಿತು. ಗ್ಯಾರೇಜಿನವರೆಲ್ಲ "ವಾಹ್ ಬಾಯ್ಸಾ" ಎಂದರು. ನೀಲಿ ಹೊಗೆ ಎದ್ದಿತು. ಒಂದು ನಿಮಿಷ ಓಡಿ, ಕೆಮ್ಮಿ, ನಿಂತಿತು. ಮತ್ತೆ ಒದ್ದೆ. ಇಲ್ಲ.

ಉಸ್ತಾದರು ಟ್ಯಾಂಕಿನ ಕೆಳಗಿನ ಪೆಟ್ರೋಲು ನಲ್ಲಿ ಬಿಚ್ಚಿದರು. ಅದರ ಬಾಯಿಯ ಜಾಲರಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಬೆರಳಿನ ತುದಿಯಲ್ಲಿ ತೆಗೆದು ಬೆಳಕಿಗೆ ಹಿಡಿದರು.

"ಅಕ್ಕಿ" ಎಂದರು.

ಟ್ಯಾಂಕು ಕಳಚಿ ಬಕೆಟಿಗೆ ಬಗ್ಗಿಸಿದರು. ಪೆಟ್ರೋಲಿನ ಜೊತೆ ಒಂದು ಹಿಡಿ ಅಕ್ಕಿ ಸುರಿಯಿತು. ದಪ್ಪ ಕಾಳು, ಕೆಂಪು ಛಾಯೆ, ನಮ್ಮ ಕುಚ್ಚಲಕ್ಕಿ. ಒಳಗೆ ಇನ್ನೂ ಏನೋ ಉರುಳುವ ಸದ್ದು. ಉಸ್ತಾದರು ಟ್ಯಾಂಕು ಅಲ್ಲಾಡಿಸಿದರು, ತಿರುಗಿಸಿದರು, ತಟ್ಟಿದರು. ಟಣ್ ಎಂದು ಬಕೆಟಿಗೆ ಬಿತ್ತು. ಒಂದು ಇಡೀ ಅಡಿಕೆ.

"ಸುಪಾರಿ!" ಎಂದು ಉಸ್ತಾದರು ನನ್ನ ಮುಖ ನೋಡಿದರು. "ಯಾರೋ ನಿಮಗೆ ಕೆಟ್ಟದ್ದು ಮಾಡಿದ್ದಾರೆ. ಸಕ್ಕರೆ ಹಾಕುವುದು ಕೇಳಿದ್ದೆ. ಶತ್ರು ಯಾರಾದರೂ ಇದ್ದಾರಾ?"

"ಇಲ್ಲ. ನಮ್ಮ ಅತ್ತೆ" ಎಂದೆ.

ಅವರಿಗೆ ಅದೇ ಉತ್ತರ ಎನ್ನಿಸಿತೋ ಏನೋ, ಅರ್ಥವಾದವರ ಹಾಗೆ ತಲೆಯಾಡಿಸಿದರು. ವಿವರಿಸುವಷ್ಟು ಹಿಂದಿ ನನ್ನ ಬಳಿ ಇರಲಿಲ್ಲ. ಅಡಿಕೆ, ಅಕ್ಕಿ ಎರಡನ್ನೂ ಬಟ್ಟೆಯಲ್ಲಿ ಒರೆಸಿ ಕಾಗದದಲ್ಲಿ ಕಟ್ಟಿಕೊಡಿ ಎಂದೆ. ಗ್ಯಾರೇಜಿನ ಬೆಂಚಿನಲ್ಲಿ ಕೂತೆ. ಅಳು ಬಂತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು, ಆದರೆ ಬರಲಿಲ್ಲ. ಹಸಿವಾಯಿತು. ಗಡಿಯಾರ ನೋಡಿ ಉಣ್ಣುವ ಹಸಿವಲ್ಲ, ಹೊಟ್ಟೆಯೇ ಕೂಗಿ ಕೇಳುವ ಹಸಿವು. ಆ ಮಂಗಳವಾರದ ನಂತರ ಅದೇ ಮೊದಲು.

ಅಲ್ಲಿಂದಲೇ ಭಾವನಿಗೆ ಫೋನು ಮಾಡಿದೆ. "ಅತ್ತೆಗೆ ಕೊಡಿ."

"ಕೈ ಅಡ್ಡ..."

"ಟ್ಯಾಂಕಿನಲ್ಲಿ ಅಕ್ಕಿ ಸಿಕ್ತು ಅಂತ ಹೇಳಿ."

ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ, ಐದು ತಿಂಗಳ ನಂತರ, ನನಗೆಂದೇ ಅತ್ತೆಯ ದನಿ. "ಹಾಳಾಯ್ತನೇ ಗಾಡಿ?"

"ಇಲ್ಲ ಅತ್ತೆ. ತೆಗೆದ್ರು. ಸರಿ ಆಗ್ತದೆ."

"ನಂಗೆ ಆ ಮಿಷಿನ್ನು ಗಿಷಿನ್ನು ಎಂತ ಗೊತ್ತು? ಆ ಮನ್ಷ ಪೂರಾ ಖಾಲಿ ಮಾಡಿ ಬಾಯಿ ತೆರ‍್ದು ಇಟ್ಟಿದ್ದ. ನೋಡಕ್ಕೆ ಆಗ್ಲಿಲ್ಲ. ಅಷ್ಟು ದೂರ ಖಾಲಿ ಕಳ್ಸಕ್ಕೆ ಆಗ್ತದನಾ?"

"ಮಾತಾಡಿ ಕಳಿಸ್ಬಹುದಿತ್ತಲ್ಲ ಅತ್ತೆ."

ಮೂಗು ಎಳೆದುಕೊಂಡ ಸದ್ದು ಬಂತು. ಆಮೇಲೆ, "ಅಡಿಕೆ ಬಿಸಾಡಿದ್ಯಾ?"

"ಇಲ್ಲ. ಇಟ್ಕೊಂಡಿದೀನಿ."

"ಇಟ್ಕ. ಯಾವಾಗ ತರ‍್ತಿ ಗಾಡಿನ?"

ಕಳಿಸಿದ್ದು ಮುಗಿಯಿತು ಎಂದುಕೊಂಡಿದ್ದವಳು ನಾನು. ಅತ್ತೆಯ ಲೆಕ್ಕದಲ್ಲಿ ಅದು ಪಕ್ಕದ ಮನೆಗೆ ಹೋದ ಪಾತ್ರೆ. "ನೋಡೋಣ ಅತ್ತೆ" ಎಂದೆ.

"ನೋಡು. ನಿಧಾನಕ್ಕೇ ಬಾ. ಬರೋವಾಗ ಅಲ್ಲಿದ್ದು ಎಂತಾದ್ರೂ ಹಾಕ್ಕಂಡು ಬಾ. ಖಾಲಿ ತರ್ಬೇಡ."

ಅವತ್ತು ಸಂಜೆ ಸೋಹನಬಾಯಿಯ ಮನೆಯಲ್ಲಿ ಕೂತು ಎರಡು ಸೋಗ್ರಾ ತಿಂದೆ, ಮೂರನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ. ನನ್ನ ಬಳಿ ಉಳಿದಿದ್ದ ಅವರ ಡಬ್ಬಿಗೆ ಊರಿನ ಉಪ್ಪಿನಕಾಯಿ ಹಾಕಿ ಕೊಟ್ಟೆ. ಮುಚ್ಚಳ ತೆಗೆದು ನೋಡಿ, "ಇಷ್ಟು ದಿನ ನೀವು ಈ ಮನೆಯಲ್ಲಿ ಇರುವವರು ಎನ್ನಿಸಿರಲಿಲ್ಲ ಬಾಯ್ಸಾ" ಎಂದರು. ಇಲ್ಲಿಯೂ ಆ ಪದ್ಧತಿ ಇದೆಯೆಂದು ಆಗ ತಿಳಿಯಿತು.

ಬೈಕು ಈಗ ಟಾಂಕಾದ ಪಕ್ಕ ನಿಂತಿದೆ. ಇಲ್ಲಿ ತುಕ್ಕಿಲ್ಲ, ಧೂಳು. ದಿನಾ ಒರೆಸುತ್ತೇನೆ, ಬೆಳಿಗ್ಗೆ ಒಮ್ಮೆ ಒದ್ದು ಬಿಸಿ ಮಾಡಿ ಆರಿಸುತ್ತೇನೆ, ಆಮೇಲೆ ಆಟೋ ಹತ್ತಿ ಕೆಲಸಕ್ಕೆ ಹೋಗುತ್ತೇನೆ. ವರ್ಷದೊಳಗೆ ಇಲ್ಲಿನ ನಂಬರು ಮಾಡಿಸಬೇಕು ಎಂದು ಉಸ್ತಾದರು ನೆನಪಿಸುತ್ತಾರೆ, ಹುಕುಂ ಎನ್ನುತ್ತೇನೆ. ಊರಿನಲ್ಲಿ ಕ್ಯಾಂಟೀನಿನ ಹಿಂದೆ ಆ ಜಾಗದಲ್ಲಿ ಯಾರಿಗೂ ಸ್ಕೂಟರ್ ನಿಲ್ಲಿಸಲು ಅತ್ತೆ ಬಿಡುತ್ತಿಲ್ಲವಂತೆ.

ಬಜಾರಿಗೆ ಹೋದಾಗ ಅಂಗಡಿಗಳ ಮುಂದೆ ಸುಮ್ಮನೆ ನಿಂತು ನೋಡುತ್ತೇನೆ. ಸಜ್ಜೆ, ಹೆಸರು, ಒಣಗಿಸಿದ ಮರುಭೂಮಿಯ ಕಾಯಿಗಳು, ಕೆಂಪು ಮೆಣಸು. ಅಂಗಡಿಯವನು ಏನು ಬೇಕು ಎನ್ನುತ್ತಾನೆ. ಒಂದೊಂದನ್ನೇ ಬೆರಳುಗಳ ನಡುವೆ ಹಿಡಿದು ಅಳೆಯುತ್ತೇನೆ, ಟ್ಯಾಂಕಿನ ಬಾಯಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು.